ಬೀಗರ ಬಾಯಿಗಿಟ್ಟ ತುತ್ತು

ಮಾರ್ಗಿಲಾನ್ ಊರಿನಲ್ಲಿ ಮದುವೆ ಅಂದರೆ ಬೆಳಗಿನ ಪಲಾವು ಮಮಸೋಲಿಯ ಕೈಯದೇ ಆಗಬೇಕು. ಕಡಾಯಿಯಲ್ಲಿ ಕುರಿಬಾಲದ ಕೊಬ್ಬು ಕರಗತೊಡಗಿತೆಂದರೆ ಅವನ ಗತ್ತೇ ಬೇರೆ. ಒಳ್ಳೆಯವನೇ, ಆದರೆ ಒಂದು ಹುಚ್ಚು. ಉಣ್ಣುವವರು "ಸಾಕು" ಅಂದರೆ ಸಾಕು, ಅವನಿಗೆ ಅವಮಾನವಾಗುತ್ತಿತ್ತು.

ಅವನ ಕಿರಿಮಗನ ಮದುವೆಗೆ ಬೀಗ ಎರ್ಮತ್ ಬಂದ. ಮಮಸೋಲಿಯ ಮಗಳು ಸಾನೊಬರ್ ಸೊಸೆಯಾಗಿ ಹೋಗಿದ್ದು ಅವನ ಮನೆಗೇ. ರೇಷ್ಮೆ ನೇಯುವ ಮೆತ್ತಗಿನ ಮನುಷ್ಯ. ಎಲ್ಲರೂ ಹಂಚಿ ಉಣ್ಣುವ ದೊಡ್ಡ ತಟ್ಟೆ ಬಂದಾಗ ಮಮಸೋಲಿಯ ಕಿವಿಯ ಹತ್ತಿರ ಬಾಗಿದ.

"ಬೀಗ್ರೆ, ಬೇಜಾರು ಮಾಡ್ಕೋಬೇಡಿ. ಪಿತ್ತಕೋಶದಲ್ಲಿ ಕಲ್ಲಿದೆಯಂತೆ, ಕೊಬ್ಬು ಮುಟ್ಟಬೇಡ ಅಂದಿದಾರೆ ಡಾಕ್ಟ್ರು. ನಂಗೆ ರೊಟ್ಟಿ, ಚಾ ಸಾಕು."

"ನನ್ನ ಪಲಾವು ತಿಂದು ಸತ್ತೋರು ಯಾರಿದಾರ್ರೀ?"

ತಟ್ಟೆಯಲ್ಲಿ ಕೊನೆಗೆ ಉಳಿದ ಅನ್ನವನ್ನು ಮಮಸೋಲಿ ಬೆರಳಲ್ಲಿ ಒತ್ತಿ ಮುದ್ದೆ ಮಾಡಿದ, ಮೇಲೊಂದು ದಪ್ಪ ಬಿಳಿ ಕೊಬ್ಬಿನ ತುಂಡಿಟ್ಟ. ಮನೆಯವನು ತುತ್ತು ಎತ್ತಿದ ಮೇಲೆ ಅತಿಥಿ ಮುಖ ತಿರುಗಿಸುವಂತಿಲ್ಲ, ಅದು ಊರ ರೂಢಿ.

"ಬಾಯಿ ತೆಗೀರಿ ಬೀಗ್ರೆ! ಹೆಣ್ಣು ಕೊಟ್ಟೋರ ಕೈತುತ್ತು ಬೇಡ್ವಾ?"

ಸಾಲೆಲ್ಲ ನಕ್ಕಿತು. ಎರ್ಮತ್ ಒಮ್ಮೆ ಅವನ ಮುಖ ನೋಡಿ, ಬಾಯಿ ತೆರೆದ. ಮಮಸೋಲಿಗೆ ಗೆದ್ದಷ್ಟು ಖುಷಿ.

ಸಂಜೆಯೊಳಗೆ ಎರ್ಮತ್ ಹೊಟ್ಟೆ ಹಿಡಿದು ಮುದುಡಿದ. ಮರುದಿನ ಚಳಿಜ್ವರ ಬಂತು, ಕಣ್ಣು ಹಳದಿಯಾಯಿತು. ಕಲ್ಲು ಜಾರಿ ಪಿತ್ತನಾಳಕ್ಕೆ ಅಡ್ಡ ಕೂತಿದೆ, ಕಾಮಾಲೆ ಏರುತ್ತಿದೆ, ಆಪರೇಷನ್ ಆಗುವವರೆಗೂ ಏನೂ ಹೇಳುವಂತಿಲ್ಲ ಎಂದರು ಡಾಕ್ಟರು.

ಮಮಸೋಲಿ ಆಸ್ಪತ್ರೆಯ ಬೆಂಚು ಬಿಟ್ಟು ಏಳಲಿಲ್ಲ. ಎಷ್ಟು ತೊಳೆದರೂ ಬೆರಳಿನ ಕೊಬ್ಬಿನ ವಾಸನೆ ಹೋಗಿಲ್ಲ ಅನ್ನಿಸುತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಮಾತು ಬೇರೆ. ಮನುಷ್ಯ ಕಿವಿಯಲ್ಲಿ ಹೇಳಿದ್ದ. ಹೇಳಿದ್ದು ಕೇಳಿಸಿಯೂ, ನಾಲ್ಕು ಜನರ ನಗೆಗಾಗಿ ಬೀಗನ ಜೀವವನ್ನು ಪಣಕ್ಕಿಟ್ಟಿದ್ದ. ಹೇಗಾದರೂ ಬದುಕಲಿ ದೇವರೇ ಎಂದು ಬೇಡಿಕೊಂಡ.

ಆಪರೇಷನ್ ಆಯಿತು, ಎರ್ಮತ್ ಬದುಕಿದ. ಗಂಜಿ ಕೊಡಬಹುದು ಎಂದು ಡಾಕ್ಟರು ಹೇಳಿದ ದಿನ ಸಾನೊಬರ್ ಬಟ್ಟಲು ತಂದಳು. ಬೆಳಗಿನ ಪಲಾವಿಗೆ ಗಂಡಸರು ಮಾತ್ರ ಕೂರುವುದು. ಅಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ.

"ಅಲ್ಲ ಮಾವ, ಚಿಕ್ಕ ಮಕ್ಕಳಾ ನೀವು? ಕೊಬ್ಬು ಬೇಡ ಅಂತ ಎಷ್ಟು ಸಲ ಹೇಳಿದ್ದೆ!"

"ತಪ್ಪಾಯ್ತಮ್ಮ, ಬಾಯಿಚಪಲ. ನಿಮ್ಮಪ್ಪನ ಪಲಾವು ಕಂಡ್ರೆ ಕೈ ತಡೆಯುತ್ತಾ?" ಎಂದ ಎರ್ಮತ್.

ಮಂಚದ ಪಕ್ಕ ಕೂತಿದ್ದ ಮಮಸೋಲಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎರ್ಮತ್ ಸುಮ್ಮನಿರಿ ಎಂಬಂತೆ ಅವನ ಮಣಿಕಟ್ಟು ಅದುಮಿದ. ಮಮಸೋಲಿ ಕೈ ಬಿಡಿಸಿಕೊಂಡ.

"ಅವ್ರು ತಿನ್ಲಿಲ್ಲಮ್ಮ. ಬೇಡ ಅಂದ್ರು. ನಾನೇ ಬಾಯಿಗೆ ತುರುಕ್ದೆ."

ಸಾನೊಬರ್ ಗಂಜಿಯ ಬಟ್ಟಲನ್ನೂ ಚಮಚವನ್ನೂ ಅಪ್ಪನ ಕೈಗೆ ಕೊಟ್ಟಳು.

"ಇದನ್ನೂ ನೀವೇ ತಿನ್ಸಿ. ಆದ್ರೆ ಕೇಳಿ ತಿನ್ಸಿ."

ಮಮಸೋಲಿ ಚಮಚದಲ್ಲಿ ಗಂಜಿ ತುಂಬಿಕೊಂಡ. "ಬೀಗ್ರೆ... ಒಂದು ಚಮಚ ಕೊಡ್ಲಾ?"

ಎರ್ಮತ್ ಅವನನ್ನು ನೋಡಿದ. ಹಳದಿ ಇನ್ನೂ ಪೂರ್ತಿ ಇಳಿಯದ ಕಣ್ಣಲ್ಲಿ ತುಂಟತನ ಇಣುಕಿತು.

"ಬೇಡ," ಎಂದ.

ಮಮಸೋಲಿ ಚಮಚವನ್ನು ಬಟ್ಟಲಿಗೆ ಇಳಿಸಿ, ಕಣ್ಣೊರೆಸಿಕೊಂಡು, ಬೀಗನಿಗೆ ಹಸಿವಾಗುವವರೆಗೂ ಬಟ್ಟಲನ್ನು ಹಾಗೆಯೇ ಹಿಡಿದು ಕೂತ.