ಪೆಟ್ಟಿಗೆಯಲ್ಲೇ ಉಳಿದ ಹಳದಿ ಗಾಜು

ನನ್ನ ತಂಗಿಯ ಮುಖಕ್ಕೆ ಎರಡು ಬಣ್ಣ. ಹಣೆ, ಕೆನ್ನೆ, ಗದ್ದ ಎಲ್ಲ ಬಿಸಿಲಿಗೆ ಸುಟ್ಟು ಎರೆಮಣ್ಣಿನ ಹಾಗೆ ಕಂದಿವೆ. ಕಣ್ಣಿನ ಸುತ್ತ ಮಾತ್ರ ಕನ್ನಡಕದ ಆಕಾರದಲ್ಲಿ ತಿಳಿ ಬಣ್ಣ ಉಳಿದಿದೆ. ಮೂಗಿನ ಎರಡೂ ಬದಿಗೆ ಹುಣಸೆ ಬೀಜ ಒತ್ತಿ ತೆಗೆದ ಹಾಗೆ ಎರಡು ಕುಳಿ. ಕನ್ನಡಕ ತೆಗೆದಿಟ್ಟಾಗಲೂ ಹಾಕಿಕೊಂಡವಳ ಹಾಗೆಯೇ ಕಾಣುತ್ತಾಳೆ. ಅವಳು ನೆನಪಾದರೆ ನನ್ನ ಕಣ್ಣಿಗೆ ಮೊದಲು ಬರುವುದು ಆ ಕುಳಿಗಳು. ಅವನ್ನು ಮುಚ್ಚಿಡಲು ನಾನು ಮಾಡಿದ್ದು ಅದರ ಹಿಂದೆಯೇ ನೆನಪಾಗುತ್ತದೆ. ಆಮೇಲೆ ಕೂತಲ್ಲಿ ಕೂಡಲಾಗುವುದಿಲ್ಲ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಲಾರಿಯಲ್ಲಿ ಕ್ಲೀನರ್ ಆದೆ, ಡ್ರೈವರ್ ಆದೆ. ಈಗ ಸ್ವಂತದ್ದೊಂದು ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡು ಬೈಲಹೊಂಗಲ, ಕಿತ್ತೂರು, ಸವದತ್ತಿ ಅಂತ ಬಾಡಿಗೆ ಹೊಡೆಯುತ್ತೇನೆ. ಬರೆದು ರೂಢಿಯಿಲ್ಲ. ಎರಡು ಸಾಲು ಬರೆದು ಎದ್ದು ಹೊರಗೆ ಹೋಗಿ ಬರುತ್ತೇನೆ.

ತಂಗಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂಬುದು ನಮಗೆ ಬಹಳ ದಿನ ಗೊತ್ತೇ ಇರಲಿಲ್ಲ. ನಡಿಗೆಯ ಸಪ್ಪಳದಿಂದಲೇ ಬಂದವರು ಯಾರೆಂದು ಹೇಳುತ್ತಿದ್ದಳು. ಹುಡುಗಿ ಚುರುಕು ಎಂದುಕೊಂಡಿದ್ದೆವು. ಶಾಲೆಯಲ್ಲಿ ಕಣ್ಣು ನೋಡುವವರು ಬಂದು ಚೀಟಿ ಕೊಟ್ಟ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಮನೆಗೆ ಬಂದವಳು ಅವ್ವನ ಮುಖ ಹಿಡಿದು, "ಅವ್ವಾ, ನಿನ್ನ ಗದ್ದದ ಮ್ಯಾಲೆ ಹಚ್ಚಿ ಐತಲ್ಲ!" ಎಂದಳು. ಹುಟ್ಟಿದಾಗಿನಿಂದ ಆ ಮುಖ ನೋಡುತ್ತ ಬೆಳೆದವಳು, ಆ ಹಸಿರು ಹಚ್ಚೆಯನ್ನು ಅಂದೇ ಕಂಡಿದ್ದಳು. ಅವ್ವ ನಕ್ಕಳು, ಆಮೇಲೆ ಒಲೆಯ ಮುಂದೆ ಕೂತು ಅತ್ತಳು. ಅತ್ತದ್ದು ಮಗಳ ಕಣ್ಣಿಗಾಗಿಯೋ, ಮುಂದೆ ಆಗಬೇಕಾದ ಲಗ್ನಕ್ಕಾಗಿಯೋ, ನನಗೆ ಇಂದಿಗೂ ಗೊತ್ತಿಲ್ಲ.

ಅಪ್ಪನ ಹಳೆಯ ಸೈಕಲ್ಲಿನಲ್ಲಿ ಒಳಗಾಲು ಹಾಕಿ ತುಳಿಯುವುದನ್ನು ಕಲಿತವಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಹುಡುಗರನ್ನು ಹಿಂದೆ ಹಾಕುತ್ತಿದ್ದಳು. ವಿಜಯಪುರದ ಕಡೆಯ ಒಬ್ಬ ಹುಡುಗ ಹೊಡೆದು ಬಿಟ್ಟ ಹಳೆಯ ರೇಸ್ ಸೈಕಲ್ ತಂದುಕೊಟ್ಟೆ. ಬೆಳಕು ಹರಿಯುವ ಮೊದಲೇ ದೇಗಾಂವದ ರಸ್ತೆ ಹಿಡಿದು ಹೋಗಿಬಿಡುತ್ತಿದ್ದಳು. ಬೆವರಿಗೆ ಕನ್ನಡಕ ಜಾರುತ್ತದೆಂದು ಪರಕರದ ಲಾಡಿ ಕಟ್ಟಿ ತಲೆಯ ಹಿಂದೆ ಬಿಗಿಯುತ್ತಿದ್ದಳು. ರಾತ್ರಿ ಅದನ್ನು ಯಾರೂ ತುಳಿಯಬಾರದೆಂದು ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ ಮಲಗುತ್ತಿದ್ದಳು. ಕನ್ನಡಕವಿಲ್ಲದೆ ಬೀದಿಯ ದೀಪ ಹೇಗೆ ಕಾಣುತ್ತದೆ ಎಂದು ಒಮ್ಮೆ ಕೇಳಿದ್ದೆ. ಒಡೆದ ಹತ್ತಿಕಾಯಿಯ ಹಾಗೆ ಎಂದಿದ್ದಳು.

ಜಗಳಗಂಟಿ. ಸಾರಿಗೆ ಉಪ್ಪು ಕಡಿಮೆಯಾದರೆ ಜಗಳ, ನಾನು ಗಾಡಿಯ ಹಾರ್ನ್ ಸುಮ್ಮನೆ ಹೊಡೆದರೆ ಜಗಳ. ಒಂದು ಮಾತನ್ನು ಮಾತ್ರ ಮೇಲಿಂದ ಮೇಲೆ ಹೇಳುತ್ತಿದ್ದಳು: "ಕಾಲಬುಡದ್ದು ಕಾಣದಿದ್ರೂ ನಡೀತೇತಿ. ಮುಂದ ಬರೋದು ಕಾಣಬೇಕ."

ಜಿಲ್ಲೆಯ ತಂಡಕ್ಕೆ ಆಯ್ಕೆಯಾಗುವ ಮಾತು ನಡೆದ ವರ್ಷ ಅವಳಿಗೆ ಆಟಕ್ಕೆಂದೇ ಒಂದು ಕನ್ನಡಕ ಬೇಕಾಯಿತು. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಬಿಸಿಲಿನ ಕನ್ನಡಕ ಹಾಕಿದರೆ ನಂಬರಿಲ್ಲದೆ ರಸ್ತೆ ಕಾಣುತ್ತಿರಲಿಲ್ಲ. ಬೈಲಹೊಂಗಲದ ಕನ್ನಡಕದ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವರು ಕಣ್ಣಿನ ಸುತ್ತ ಬಾಗಿ ಕೂರುವ ಒಂದು ಕನ್ನಡಕ ತೋರಿಸಿದರು. ಹೊರಗಿನ ಗಾಜನ್ನು ಟಕ್ ಎಂದು ಬಿಚ್ಚಿ ಬೇರೆ ಹಾಕಬಹುದು: ಬಿಸಿಲಿಗೆ ಕಪ್ಪು, ಮೋಡಕ್ಕೂ ಸಂಜೆಗೂ ಹಳದಿ, ಕತ್ತಲಿಗೆ ಬಣ್ಣವಿಲ್ಲದ ಬಿಳಿ. ನಂಬರು ಇರುವುದು ಒಳಗೆ, ಮೂಗಿನ ಮೇಲೆ ಸಿಕ್ಕಿಸುವ ಒಂದು ಸಣ್ಣ ಕ್ಲಿಪ್ಪಿನಲ್ಲಿ. ಇವಳಷ್ಟು ದೊಡ್ಡ ನಂಬರನ್ನು ಬಾಗಿದ ಗಾಜಿನಲ್ಲೇ ಕೂರಿಸಿದರೆ ರಸ್ತೆಯ ಅಂಚು ಬುಟ್ಟಿಯ ಹಾಗೆ ಮೇಲೆದ್ದು ಕಾಣುತ್ತದೆ, ಅದಕ್ಕೇ ಕ್ಲಿಪ್ಪು ಎಂದರು.

ಅವರು ಕನ್ನಡಿ ಹಿಡಿದರೆ ಇವಳು ಕನ್ನಡಿ ನೋಡಲೇ ಇಲ್ಲ. ಕನ್ನಡಕ ಹಾಕಿಕೊಂಡು, ಸ್ಟೂಲಿನ ಎರಡು ಅಂಚು ಹಿಡಿದು, ಸೈಕಲ್ ಮೇಲೆ ಬಾಗುವ ಹಾಗೆ ಬಾಗಿ, ಕತ್ತು ಎತ್ತದೆ ಕಣ್ಣಷ್ಟೇ ಮೇಲೆತ್ತಿ ಬಾಗಿಲಾಚೆ ನೋಡಿದಳು. ಸೈಕಲ್ಲಿನವರು ರಸ್ತೆ ನೋಡುವುದು ಗಾಜಿನ ಮೇಲಂಚಿನಿಂದ. ಅಲ್ಲಿ ಚೌಕಟ್ಟು ಅಡ್ಡ ಬಂದರೆ ಏನೂ ಕಾಣುವುದಿಲ್ಲವಂತೆ. ಮೊದಲನೆಯದು ಅಡ್ಡ ಬಂತು. ಎರಡನೆಯದು ರೆಪ್ಪೆಗೆ ತಾಗಿತು. ಮೂರನೆಯದನ್ನು ಹಾಕಿಕೊಂಡು ನೊಣ ಓಡಿಸುವ ಎತ್ತಿನ ಹಾಗೆ ತಲೆ ಕೊಡವಿದಳು. ಆಮೇಲೆ ಹೊರಗೆ ಹೋಗಿ ಬಜಾರದಲ್ಲಿ ಒಂದು ಸುತ್ತು ಓಡಿ ಬಂದಳು. ಎದುರಿನ ಬಾಂಡೆ-ಪಾತ್ರೆ ಅಂಗಡಿಯವರು ಎದ್ದು ನಿಂತು ನೋಡಿದರು.

"ತಂಗೀ, ನನ್ನ ಅಂಗಡ್ಯಾಗ ಮಂದಿ ಚಂದ ಕಾಣತೇನೋ ಇಲ್ಲೋ ಅಂತ ನೋಡತಾರ. ಓಡಿ ನೋಡಿದಾಕಿ ನೀನ ಮೊದಲು," ಎಂದರು ಕನ್ನಡಕದ ಅಂಗಡಿಯವರು.

"ಚಂದಂದು ನಮ್ಮಣ್ಣಗ ಕೇಳ್ರಿ," ಎಂದಳು ಇವಳು.

ಅವಳು ಮಜಾಕಿಗೆ ಅಂದದ್ದು. ನಾನು ನಿಜವಾಗಿಯೂ ಹೇಳಿದೆ. ಬಿಸಿಲಿಗೆ ಸಾದಾ ಕಪ್ಪು ಬೇಡ, ಕನ್ನಡಿಯ ಹಾಗೆ ಹೊಳೆಯುವ ನೀಲಿ ಗಾಜು ಇರಲಿ ಎಂದೆ. ನಾನೇನು ಸಿನಿಮಾದ ಹೀರೋನ ಎಂದು ನಕ್ಕಳು. ಹಳದಿ, ಬಿಳಿ ಎರಡೂ ಕೊಡಿಸಿದರೆ ನೀಲಿಗೆ ತನ್ನ ತಕರಾರಿಲ್ಲ ಎಂದಳು. ಸರಿ ಎಂದೆ.

ಆ ನೀಲಿ ಗಾಜು ಶೋಕಿಗಲ್ಲ. ಅದರಲ್ಲಿ ಎದುರಿನವರಿಗೆ ತಮ್ಮ ಮುಖವೇ ಕಾಣುತ್ತದೆ, ಒಳಗಿನ ನಂಬರಿನ ಕ್ಲಿಪ್ಪು ಕಾಣುವುದಿಲ್ಲ. ಹಳದಿ ಹಾಕಿದರೂ ಬಿಳಿ ಹಾಕಿದರೂ ಕಾಣುತ್ತದೆ.

ರಾಮದುರ್ಗದಿಂದ ಸೋದರಮಾವ ಒಂದು ಸಂಬಂಧ ತಂದಿದ್ದ. ಹುಡುಗನಿಗೆ ನೌಕರಿಯಿತ್ತು, ಸೈಕಲ್ ಹೊಡೆಯುವ ಹುಡುಗಿ ಎಂದರೆ ಅವರ ಮನೆಯಲ್ಲಿ ಬೇಸರವಿರಲಿಲ್ಲ. ಕಣ್ಣಿನ ಬಗ್ಗೆ ಅವರು ಕೇಳಿಯೇ ಇರಲಿಲ್ಲ. ಮಾವನೇ ಮುಂದಾಗಿ, ನಮ್ಮ ಹುಡುಗಿಗೆ ಯಾವ ಐಬೂ ಇಲ್ಲ, ಕಳಿಸಿದ ಸೈಕಲ್ಲಿನ ಫೋಟೋದಲ್ಲಿರುವುದು ಬಿಸಿಲು ಧೂಳಿಗೆ ಹಾಕುವ ಚಸ್ಮಾ ಎಂದು ಹೇಳಿಬಿಟ್ಟಿದ್ದ. ನಮ್ಮ ಕಡೆ ಹೆಣ್ಣು ನೋಡಲು ಬಂದಾಗ ಕನ್ನಡಕ ತೆಗೆಸಿ ಕೂರಿಸುವುದು ಹೊಸದೇನಲ್ಲ. ನಾನು ಸುಮ್ಮನಿದ್ದೆ. ಸುಮ್ಮನಿರಲು ನನ್ನದೇ ಕಾರಣವಿತ್ತು. ತಂಗಿಯ ಲಗ್ನವಾಗದೆ ಅಣ್ಣನ ಲಗ್ನವಿಲ್ಲ. ಮುರಗೋಡದಲ್ಲಿ ನನಗೆ ಹುಡುಗಿ ಗೊತ್ತಾಗಿ ಎರಡು ವರ್ಷವಾಗಿತ್ತು. ಇನ್ನು ಎಷ್ಟು ದಿನ ಎಂದು ಅವರು ಕೇಳತೊಡಗಿದ್ದರು.

ಕನ್ನಡಕ ತಯಾರಾದಾಗ ತರಲು ನಾನೊಬ್ಬನೇ ಹೋದೆ. ಅಂಗಡಿಯವರು ನೀಲಿ ಗಾಜು ಕೂರಿಸಿ ಕೊಟ್ಟರು, ಹಳದಿ ಮತ್ತು ಬಿಳಿಯನ್ನು ಮೆತ್ತನೆಯ ಚೀಲದಲ್ಲಿ ಹಾಕಿ ಕೊಟ್ಟರು. ಬಿದ್ದರೂ ಒಡೆಯುವುದಿಲ್ಲ, ಕಣ್ಣಿಗೆ ಚುಚ್ಚುವುದಿಲ್ಲ ಎಂದು ಧೈರ್ಯ ಹೇಳಿದರು. ಮಾವ ಬೆಳಿಗ್ಗೆಯೇ ಫೋನ್ ಮಾಡಿದ್ದ: ಸವದತ್ತಿಯ ಆಯ್ಕೆಯ ರೇಸ್ ನೋಡಲು ಹುಡುಗನ ಮನೆಯವರು ಬರುತ್ತಾರೆ. ಮನೆಗೆ ಬಂದು ಕನ್ನಡಕ ಕೊಟ್ಟೆ. ಹಳದಿ, ಬಿಳಿ ಇನ್ನೂ ಹುಬ್ಬಳ್ಳಿಯಿಂದ ಬಂದಿಲ್ಲ ಎಂದೆ. ಚೀಲ ಗಾಡಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಗೆ ಕೀಲಿ ಹಾಕಿದ್ದೆ.

ರೇಸ್ ಮಧ್ಯಾಹ್ನ ಮೂರಕ್ಕೆ. ಬಿಸಿಲಿನಲ್ಲೇ ಮುಗಿಯುತ್ತದೆ, ನೀಲಿ ಗಾಜು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ದಪ್ಪ ಕನ್ನಡಕವನ್ನು ಮನೆಯಲ್ಲೇ ಇಡಿಸಿದೆ. ಆದರೆ ಮುಖ್ಯ ಅತಿಥಿ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬಂದ ಮೇಲೆ ಹಾರ, ಶಾಲು, ಭಾಷಣ. ಒಬ್ಬರಾದ ಮೇಲೊಬ್ಬರು ಮೈಕು ಹಿಡಿದರು. ಅಷ್ಟರಲ್ಲಿ ಗುಡ್ಡದ ಹಿಂದಿನಿಂದ ಮೋಡ ಎದ್ದಿತು. ಸೈಕಲ್ಲಿನ ಹುಡುಗರು, ಹುಡುಗಿಯರು ಸಾಲಾಗಿ ನಿಂತೇ ಇದ್ದರು. ಹೊತ್ತು ಮುಳುಗುವುದಕ್ಕೆ ಬಂತು.

ತಂಗಿ ಸಾಲು ಬಿಟ್ಟು ನನ್ನ ಹತ್ತಿರ ಬಂದಳು. ಗಾಜಿನ ಮೇಲೆ ಕೈ ಆಡಿಸುತ್ತ ಕೇಳಿದಳು: "ಅಣ್ಣಾ, ಹಳದಿ ಗಾಜು ನಿಜವಾಗ್ಲೂ ಬಂದಿಲ್ಲೇನ?"

ಹುಡುಗನ ತಂದೆತಾಯಿ ಮಾವನ ಜೊತೆ ಆಚೆ ಕಡೆ ಮಿರ್ಚಿ ತಿನ್ನುತ್ತಿದ್ದರು. ನನ್ನ ಕಿಸೆಯಲ್ಲಿ ಕೈಯಿತ್ತು, ಕೈಯಲ್ಲಿ ಕೀಲಿಯಿತ್ತು. ಅದನ್ನು ತಿರುಗಿಸುತ್ತಲೇ ಇದ್ದೆ. ಬಂದಿಲ್ಲ ಎಂದೆ. ಹಾಗಾದರೆ ದಪ್ಪನೆಯದನ್ನಾದರೂ ಕೊಡು ಎಂದಳು. ಮನೆಯಲ್ಲಿದೆ ಎಂದೆ. ನೀಲಿ ಗಾಜು ಬಿಚ್ಚಿ ಕ್ಲಿಪ್ಪಿನಲ್ಲೇ ಹೋಗುವ ಹಾಗೂ ಇರಲಿಲ್ಲ. ಹೊರಗಿನ ಗಾಜಿಲ್ಲದಿದ್ದರೆ ಕ್ಲಿಪ್ಪು ನಿಲ್ಲುವುದಿಲ್ಲ. ಬೇಡ ಬಿಡು, ಈ ಸಲ ಓಡಿಸಬೇಡ ಎನ್ನುವ ಮಾತು ನನ್ನ ಬಾಯಿಗೆ ಬಂತು. ಹೇಳಲಿಲ್ಲ. ಅವಳಿಗೆ ಆಯ್ಕೆ ಬೇಕಾಗಿತ್ತು, ನನಗೆ ಲಗ್ನ ಬೇಕಾಗಿತ್ತು. ಅವಳು ಒಂದು ಗಳಿಗೆ ನನ್ನ ಕಡೆ ನೋಡಿದಳು. ನೀಲಿ ಗಾಜಿನಲ್ಲಿ ನನಗೆ ಕಂಡದ್ದು ನನ್ನದೇ ಮುಖ.

ಗುಡ್ಡದ ಇಳಿಜಾರಿನಲ್ಲಿ ಹೊಸದಾಗಿ ಹಾಕಿದ ಒಂದು ಹಂಪ್ಸ್ ಇತ್ತು. ಬಿಳಿ ಪಟ್ಟಿ ಇನ್ನೂ ಬಳಿದಿರಲಿಲ್ಲ. ಅವಳ ಮುಂದಿದ್ದ ಇಬ್ಬರು ನೋಡಿ ಬ್ರೇಕ್ ಹಿಡಿದರಂತೆ. ಇವಳು ಹಿಡಿಯಲಿಲ್ಲ.

ನಾವು ಓಡಿ ಹೋದಾಗ ರಸ್ತೆಯ ಬದಿಗೆ ಬಿದ್ದಿದ್ದಳು. ಬಲಗೈ ತಿರುಚಿಕೊಂಡಿತ್ತು, ಹಣೆ ಒಡೆದಿತ್ತು. ಗಾಜು ಒಡೆದಿರಲಿಲ್ಲ. ಎಲ್ಲರಿಗಿಂತ ಮೊದಲು ಕೂತು ಅವಳ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡವರು ಹುಡುಗನ ತಾಯಿ. ಸೆರಗಿನಿಂದ ರಕ್ತ ಒರೆಸಿ, ಕನ್ನಡಕ ತೆಗೆದರು. ಒಳಗಿನ ಕ್ಲಿಪ್ಪು ಅದರ ಜೊತೆಗೇ ಬಂತು. ಅದರ ದಪ್ಪ ಗಾಜನ್ನು ತಿರುಗಿಸಿ ನೋಡಿದರು. ಮೂಗಿನ ಮೇಲಿನ ಎರಡು ಕುಳಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಂಬರ್ ಐತಿ ಅಂದಿದ್ರ ನಾವೇನ ಬ್ಯಾಡಂತಿದ್ದಿಲ್ಲಪಾ. ನನಗೂ ಐತಿ. ಕೂಸಿನ ಕಣ್ಣ ಮುಚ್ಚಿ ರಸ್ತೆಕ್ಕ ಬಿಟ್ಟೀರಲ್ಲ."

ಅವರು ಮತ್ತೆ ನಮ್ಮ ಮನೆಯ ಕಡೆ ಬರಲಿಲ್ಲ. ಬರಬೇಕೆಂದು ಕೇಳುವ ಮುಖವೂ ನಮಗಿರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನನ್ನ ಗಾಡಿಯಲ್ಲೇ. ಮಾವ ಹಿಂದೆ ಸೈಕಲ್ ಹಿಡಿದು ಕೂತಿದ್ದ, ತಂಗಿ ನನ್ನ ಪಕ್ಕದಲ್ಲಿ. ಹಣೆಯ ರಕ್ತ ಮತ್ತೆ ಕಣ್ಣಿಗೆ ಇಳಿಯತೊಡಗಿತು. ಒರೆಸುವ ಅರಿವೆ ಎಲ್ಲಿ ಎಂದಳು. ನಾನು ಗೊಂದಲದಲ್ಲಿ, ಪೆಟ್ಟಿಗೆಯಲ್ಲಿದೆ ಎಂದು ಕೀಲಿ ಕೊಟ್ಟೆ. ನಿಜ, ಅರಿವೆ ಅಲ್ಲೇ ಇತ್ತು. ಕೀಲಿ ಕೊಟ್ಟ ಮೇಲೆ ನೆನಪಾಯಿತು. ಅವಳು ಎಡಗೈಯಿಂದ ಪೆಟ್ಟಿಗೆ ತೆಗೆದು ತಡಕಾಡಿದಳು. ಕನ್ನಡಕವಿರಲಿಲ್ಲ, ಕಾಣುವ ಹಾಗಿರಲಿಲ್ಲ. ಆದರೆ ಆ ಮೆತ್ತನೆಯ ಚೀಲ ಕೈಗೆ ಸಿಕ್ಕಿತು. ಹೊರಗಿನಿಂದಲೇ ಬೆರಳಿನಲ್ಲಿ ಅದರ ಅಂಚು ಹಿಡಿದು ನೋಡಿದಳು: ಒಂದು ಗಾಜು, ಇನ್ನೊಂದು ಗಾಜು. ನಾನು ರಸ್ತೆ ನೋಡುತ್ತಿದ್ದೆ. ನೋಡುವುದಕ್ಕೆ ಬೇರೆ ಏನೂ ಇರಲಿಲ್ಲ.

ಚೀಲ ಅಲ್ಲೇ ಇಟ್ಟು, ಅರಿವೆ ತೆಗೆದುಕೊಂಡು, ಪೆಟ್ಟಿಗೆ ಮುಚ್ಚಿದಳು.

"ಕಿಡಕಿ ಏರಸು. ಧೂಳ ಬರಾಕತ್ತೇತಿ," ಎಂದಳು.

ಉಪ್ಪಿಗೆ ಜಗಳ ಆಡುವವಳು, ಹಾರ್ನಿಗೆ ಜಗಳ ಆಡುವವಳು ಇದಕ್ಕೆ ಒಂದು ಮಾತೂ ಆಡಲಿಲ್ಲ. ಅಂದೂ ಆಡಲಿಲ್ಲ, ಇಂದಿಗೂ ಆಡಿಲ್ಲ. ಬೈದಿದ್ದರೆ ಅವಳ ಕಾಲು ಹಿಡಿಯುತ್ತಿದ್ದೆ. ಅದಕ್ಕೆ ಅವಳು ಜಾಗವನ್ನೇ ಕೊಡಲಿಲ್ಲ.

ಆಯ್ಕೆ ಆ ವರ್ಷ ತಪ್ಪಿತು. ಮುಂದಿನ ವರ್ಷಕ್ಕೆ ಬಲಗೈ ಮಣಿಕಟ್ಟು ಪೂರ್ತಿ ಬಾಗುತ್ತಿರಲಿಲ್ಲ, ಈಗಲೂ ಬಾಗುವುದಿಲ್ಲ. ರೊಟ್ಟಿ ಬಡಿಯುವಾಗ ಎಡಗೈಗೇ ಜಾಸ್ತಿ ಕೆಲಸ. ನನ್ನ ಲಗ್ನವೂ ಮುರಗೋಡದಲ್ಲಿ ಆಗಲಿಲ್ಲ. ಬಹಳ ತಡವಾಗಿ ಬೇರೆ ಕಡೆ ಆಯಿತು. ಅದರ ಬಗ್ಗೆ ನನಗೆ ದುಃಖವಿಲ್ಲ. ನ್ಯಾಯವೇ ಆಯಿತು ಅನ್ನಿಸುತ್ತದೆ.

ಈಗ ಅವಳು ಒಂದು ಖಾಸಗಿ ಶಾಲೆಯಲ್ಲಿ ಆಟ ಕಲಿಸುತ್ತಾಳೆ. ಚೆಂಡು ಹತ್ತಿರ ಬಂದ ಮೇಲೆ ಕೈ ಚಾಚುವ ಹುಡುಗಿಯರನ್ನು ದೂರದಿಂದಲೇ ಗುರುತಿಸುತ್ತಾಳೆ. ಅವರ ಮನೆಗೆ ಹೋಗಿ ಕೂತು, ಕಣ್ಣು ತೋರಿಸುವ ತನಕ ಏಳುವುದಿಲ್ಲ. ಯಾರೋ ಒಬ್ಬ ತಂದೆ ಲಗ್ನಕ್ಕೆ ತೊಡಕಾಗುತ್ತದೆ ಎಂದು ಗೊಣಗಿದನಂತೆ. ಚಸ್ಮಾ ಇದ್ದ ಸೊಸಿ ಬ್ಯಾಡ ಅನ್ನೋರ ಮನಿಯಾಗ ಅಕ್ಕಿ ಆರಿಸೋರು ಯಾರು, ಕೇಳಿಕೊಂಡು ಬಾ ಎಂದು ಕಳಿಸಿದಳಂತೆ. ಅದನ್ನು ಊರವರು ನನಗೆ ನಗುತ್ತ ಹೇಳುತ್ತಾರೆ. ನಾನೂ ನಗಲು ನೋಡುತ್ತೇನೆ.

ಸೈಕಲ್ ಮಾತ್ರ ಬಿಟ್ಟಿಲ್ಲ. ಕೈ ಕೂಡಿದ ಮೇಲೆ ಮೊದಲ ಸಲ ಸೈಕಲ್ ಹೊರಗೆ ತಂದ ದಿನ ನೇರವಾಗಿ ನನ್ನ ಗಾಡಿಯ ಹತ್ತಿರ ಬಂದಳು. ಕೀಲಿಗೆ ಕೈ ಚಾಚಿದಳು. ಪೆಟ್ಟಿಗೆ ತೆಗೆದು ಚೀಲ ತೆಗೆದುಕೊಂಡಳು. ನೀಲಿ ಗಾಜು ಬಿಚ್ಚಿ ಹಳದಿ ಹಾಕಿದಳು, ಟಕ್ ಎಂದಿತು. ಒಮ್ಮೆ ಮೋಡ ನೋಡಿ ಹೊರಟುಹೋದಳು. ಹಳದಿ ಗಾಜಿನ ಹಿಂದೆ ನಂಬರಿನ ಕ್ಲಿಪ್ಪು ಎದ್ದು ಕಾಣುತ್ತಿತ್ತು.

ಅಂದಿನಿಂದ ಹೊತ್ತು ಮುಳುಗುವಾಗ ನನಗೆ ಮನೆಯಲ್ಲಿ ಇರಲಾಗುವುದಿಲ್ಲ. ಅವಳು ಇನ್ನೂ ರಸ್ತೆಯ ಮೇಲಿದ್ದಾಳೆ ಎಂದು ಗೊತ್ತಾದರೆ ಬಾಡಿಗೆ ಬಿಟ್ಟು ಗಾಡಿ ತೆಗೆಯುತ್ತೇನೆ. ಕಿತ್ತೂರಿನ ರಸ್ತೆಯಲ್ಲಿ ಅವಳ ಹಿಂದೆ ಸಾವಕಾಶ ಹೋಗುತ್ತ, ದೀಪದ ಬೆಳಕನ್ನು ಅವಳ ಮುಂದಿನ ರಸ್ತೆಗೆ ಬೀಳುವ ಹಾಗೆ ಹಿಡಿಯುತ್ತೇನೆ. ಎಲ್ಲಿ ಹಂಪ್ಸ್ ಇದೆ, ಎಲ್ಲಿ ಕಬ್ಬಿನ ಟ್ರ್ಯಾಕ್ಟರು ನಿಂತಿದೆ ಅವಳಿಗೆ ಕಾಣಲಿ ಎಂದು. ಬಹಳ ದಿನ ಅವಳು ಹಿಂದೆ ತಿರುಗದೆ ತುಳಿದಳು. ಮೊನ್ನೆ ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ನಾನು ಹತ್ತಿರ ಬರುವ ತನಕ ಕಾದಳು.

"ಅಣ್ಣಾ, ನೀ ಹಿಂದಿಂದ ಬೆಳಕ ಬಿಟ್ರ ನನ್ನ ನೆರಳ ನನ್ನ ಮುಂದ ಬೀಳತೇತಿ. ಅದರಾಗ ಏನೂ ಕಾಣಂಗಿಲ್ಲ. ಮುಂದರ ಹೋಗು, ಇಲ್ಲಾ ಮನಿಗರ ಹೋಗು."

ದೀಪ ಆರಿಸಿದೆ. ಅವಳು ಹಳದಿ ತೆಗೆದು ಬಿಳಿ ಗಾಜು ಹಾಕಿಕೊಂಡು, ಸೈಕಲ್ಲಿನ ಸಣ್ಣ ದೀಪ ಹಚ್ಚಿದಳು. ಮುಂದೆ ಹೋಗುವುದೋ ಹಿಂದೆ ತಿರುಗುವುದೋ ತಿಳಿಯದೆ ಸ್ಟೇರಿಂಗ್ ಹಿಡಿದು ಕೂತೆ. ಸೈಕಲ್ಲಿನ ಚೈನಿನ ಸಪ್ಪಳ ಕತ್ತಲಲ್ಲಿ ದೂರವಾಗುತ್ತಿತ್ತು. ಅವಳು ಸರಾಗವಾಗಿ ಹೋಗುತ್ತಿದ್ದಳು. ಅದು ಕೇಳುವ ತನಕ ಕೇಳಿದೆ.