ಹಗ್ಗ ಜಗ್ಗಿದ್ದು ಕೆಳಕ್ಕೆ

ಸಂಡೂರಿನವರ ಗೋಲಿನ ಹಿಂದೆ, ಎಡಗಡೆಯ ಕಂಬದಿಂದ ಎರಡು ಮಾರು ದೂರದಲ್ಲಿ, ಕಾಲುವೆಯ ಏರಿಯ ಮೇಲೆ ನಾನು ನಿಂತಿದ್ದೆ. ಜರ್ಮನಿ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಭತ್ತದ ಕೊಯ್ಲಾದ ಮೇಲಿನ ಒಂದು ಭಾನುವಾರ, ಇಳಿಬಿಸಿಲು ನನ್ನ ಬೆನ್ನಿಗೆ, ನನ್ನೆದುರಿನವರ ಕಣ್ಣಿಗೆ ನೇರ ಹೊಡೆಯುವ ಹೊತ್ತು. ಹೊಸಪೇಟೆಯ ನಮ್ಮ ಕ್ಲಬ್ಬು ಫುಟ್‌ಬಾಲ್ ಷೀಲ್ಡ್ ಗೆದ್ದದ್ದು ಆಗಲೇ.

ಕಂಪ್ಲಿಯವರ ಜೊತೆಗಿನ ಆಟದಲ್ಲಿ ನನ್ನ ಪಾದ ಉಳುಕಿತ್ತು. ಆಡುವಂತಿರಲಿಲ್ಲವಾದ್ದರಿಂದ ಚೆಂಡು ಕಾಲುವೆಗೆ ಬೀಳದಂತೆ ತಡೆಯಲು ನನ್ನನ್ನು ಅಲ್ಲಿ ನಿಲ್ಲಿಸಿದ್ದರು. ತೊಗಲು ನೆಂದರೆ ಚೆಂಡು ಕಲ್ಲಿನಂತಾಗುತ್ತಿತ್ತು. ಬರಿಗಾಲಲ್ಲಿ ಆಡುವವರು ನಾವು.

ಗೋಲಿಗೆ ಆಗ ಬಲೆ ಇರಲಿಲ್ಲ. ಎರಡು ಬಿದಿರಿನ ಕಂಬ, ಮೇಲೆ ಅಡ್ಡಕ್ಕೆ ಒಂದು ಹಗ್ಗ. ಚೆಂಡು ಹಗ್ಗದ ಕೆಳಗೆ ಹೋದರೆ ಗೋಲು, ಮೇಲೆ ಹೋದರೆ ಇಲ್ಲ. ಏರಿಯ ಮೇಲೆ ನಿಂತವನಿಗೆ ಹಗ್ಗ ಕಣ್ಣಿನ ಮಟ್ಟಕ್ಕೇ ಇತ್ತು.

ನಮ್ಮ ಸೆಂಟರ್ ಫಾರ್ವರ್ಡ್ ನನ್ನ ಗೆಳೆಯ. ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದವರು. ಆ ವರ್ಷವೆಲ್ಲ ಅವನು ಓಡಿ ಓಡಿ ಚೆಂಡು ತಂದುಕೊಟ್ಟ, ಹೊಡೆದವರು ಬೇರೆಯವರು. ಅವನ ಹೆಸರಿಗೆ ಒಂದು ಗೋಲೂ ಇರಲಿಲ್ಲ. ಗಿರಣಿಯ ಹಮಾಲರು ಬಿಡುತ್ತಿರಲಿಲ್ಲ. “ಏನ್ರಿ ಫಾರ್ವರ್ಡ್ ಸಾಹೇಬ್ರ, ಗೋಲಿನ ಬಾಗ್ಲಿಗೆ ಹೋಗಿ ಯಾಕ ವಾಪಸ್ ಬರ್ತೀರಿ? ಒಳಗ ಅತ್ತಿ ಅದಾಳೇನು?” ಅವನೂ ನಗುತ್ತಿದ್ದ. ನಗು ಮುಗಿದ ಮೇಲೆ ಮೂಟೆಯನ್ನು ಸ್ವಲ್ಪ ಜೋರಾಗಿಯೇ ಎಸೆಯುತ್ತಿದ್ದ.

ಫೈನಲ್ ಆಟ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಗೋಲಿಲ್ಲ. ಬಲಗಡೆಯಿಂದ ಚೆಂಡು ಎದೆಯೆತ್ತರಕ್ಕೆ ಬಂತು. ಗೆಳೆಯ ನೆಲ ಬಿಟ್ಟು ಹಾರಿ ಒದ್ದ. ಅದೇ ಕ್ಷಣಕ್ಕೆ ಸಂಡೂರಿನ ದಪ್ಪನೆಯ ಬ್ಯಾಕ್ ಆಟಗಾರ ಅವನ ಮೇಲೆ ಬಿದ್ದ. ಇಬ್ಬರೂ ಉರುಳಿದರು. ಗೆಳೆಯನ ಮುಖ ಮಣ್ಣಿನಲ್ಲಿತ್ತು.

ಚೆಂಡು ಗೋಲ್‌ಕೀಪರನ ಬೆರಳುಗಳ ಮೇಲಿಂದ ಬಂತು. ಹಗ್ಗಕ್ಕೆ ತಾಗಿತು. ಹಗ್ಗ ಕೆಳಕ್ಕೆ ಜಗ್ಗಿ, ಆಮೇಲೆ ಮೇಲಕ್ಕೆ ಚಿಮ್ಮಿ, ನಡುಗತೊಡಗಿತು. ಮೊದಲು ಕೆಳಕ್ಕೆ. ಕೆಳಗಿನಿಂದ ತಾಗಿದ ಚೆಂಡು ಹಗ್ಗವನ್ನು ಮೇಲಕ್ಕೆ ಎತ್ತುತ್ತದೆ. ಇದು ಮೇಲಿನಿಂದ ಒತ್ತಿಕೊಂಡು ಹೋಗಿತ್ತು. ಚೆಂಡು ನನ್ನ ತಲೆಯ ಮೇಲಿಂದ ಹಾದು ಕಾಲುವೆಗೆ ಬಿತ್ತು.

ರೆಫ್ರಿಯಾಗಿದ್ದ ರೈಲ್ವೆ ಗಾರ್ಡಿನ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. ಅವರಿಗೆ ಕಂಡದ್ದು ನಡುಗುವ ಹಗ್ಗ ಮಾತ್ರ ಎಂದು ಇಂದಿಗೂ ನಂಬಿದ್ದೇನೆ. ಗೋಲೆಂದು ಸೀಟಿ ಊದಿಬಿಟ್ಟರು. “ಮ್ಯಾಲ್ರೀ, ಮ್ಯಾಲ ಹೋತು!” ಎಂದು ಗೋಲ್‌ಕೀಪರ್ ಕೈಯೆತ್ತಿ ಕೂಗಿದ. ನಾನೂ ಹಾಗೇ ಕೂಗಿದೆ. ಅಷ್ಟರಲ್ಲಿ ಜನ ಬಯಲಿಗೆ ನುಗ್ಗಿ ಗೆಳೆಯನನ್ನು ಹೆಗಲಿಗೇರಿಸಿಕೊಂಡಿದ್ದರು. ನಮ್ಮ ಕ್ಯಾಪ್ಟನ್ ನನ್ನ ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕರು. “ಏನಲೇ, ಸಂಡೂರಾಗ ಹೆಣ್ಣು ನೋಡ್ಯಾರೇನು ನಿನಗ?”

ಜನ ಚದುರಿದ ಮೇಲೆ ಗೆಳೆಯ ಮುಖ ತೊಳೆಯಲು ಕಾಲುವೆಗೆ ಇಳಿದ. ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಅವನು ಬಾಯೊಳಗಿನ ಮಣ್ಣು ಉಗಿದು, ತಿರುಗಿ ನೋಡದೆ ಕೇಳಿದ.

“ಹೆಂಗ ಹೋತಲೇ ಅದು? ನಾ ನೋಡ್ಲಿಲ್ಲ. ಆ ಹೋರಿ ಮ್ಯಾಲ ಬಿದ್ದಿದ್ದ.”

ನಾನು ಉಳುಕಿದ ಪಾದವನ್ನು ನೀರಿಗೆ ಇಳಿಬಿಟ್ಟೆ.

“ಎಲ್ಲಾರೂ ಒಂದೊಂದು ಹೇಳಾಕತ್ಯಾರ. ಒಬ್ಬ ಮೂಲ್ಯಾಗ ಅಂತಾನ, ಒಬ್ಬ ನಡುವ ಅಂತಾನ. ನೀ ಅಲ್ಲೇ ಇದ್ದೆಲ್ಲ. ಹೇಳು.”

“ಮ್ಯಾಲ ಹೋತು,” ಎಂದೆ. “ಹಗ್ಗ ಕೆಳಗ ಜಗ್ತು.”

ಅವನು ಬೊಗಸೆಯ ನೀರನ್ನು ಮುಖಕ್ಕೆ ಹಾಕಿಕೊಳ್ಳಲಿಲ್ಲ. ಅದು ಬೆರಳ ಸಂದಿಯಿಂದ ಸೋರಿಹೋಗುವವರೆಗೆ ಹಾಗೇ ಹಿಡಿದಿದ್ದ.

“ಖರೇನಾ?”

“ಖರೇನ.”

“ಹಂಗಾದ್ರ ಇರ್ಲಿ ಬಿಡು,” ಎಂದು ಮೇಲೆ ಬಂದ. ನನ್ನ ಕಾಲು ಉಳುಕಿದ್ದು ನೆನಪಾಗಿ ಕೈ ಹಿಡಿದು ಎಬ್ಬಿಸಿದ. ಮನೆಯ ತನಕ ಕೈ ಬಿಡಲಿಲ್ಲ.

ಮರುದಿನ ಷೀಲ್ಡಿನ ಮೆರವಣಿಗೆಗೆ ಅವನು ಬರಲಿಲ್ಲ. ಕರೆಯಲು ಹೋದ ಕ್ಯಾಪ್ಟನ್‌ಗೆ, “ಆ ಗೋಲು ನಂದಲ್ರಿ,” ಎಂದಷ್ಟೇ ಹೇಳಿದನಂತೆ. ಮತ್ತೆ ಚೆಂಡು ಮುಟ್ಟಲಿಲ್ಲ. ಕ್ಯಾಪ್ಟನ್ ಗಿರಣಿಯ ಬಾಗಿಲಿಗೆ ಬಂದು ಎಲ್ಲರೆದುರು ನನಗೆ ಹೇಳಿದರು: “ರೆಫ್ರಿ ಕೊಟ್ಟಾನ, ಊರು ಒಪ್ಪೈತಿ. ನಿನಗ್ಯಾಕ ಬೇಕಿತ್ತಪಾ ಅದು? ಒಳ್ಳೇ ಹುಡುಗನ್ನ ಕೆಡಿಸಿದಿ.”

ಪಾದ ವಾಸಿಯಾಯಿತು. ಆದರೂ ನನ್ನನ್ನು ಯಾರೂ ಆಟಕ್ಕೆ ಕರೆಯಲಿಲ್ಲ. ಸಂಜೆ ಬಯಲಿನ ಕಡೆಯಿಂದ ಕೂಗು ಕೇಳಿಸುತ್ತಿತ್ತು, ನಾನು ಗಿರಣಿಯ ಹಿಂದಿನ ದಾರಿಯಿಂದ ಮನೆಗೆ ಹೋಗುತ್ತಿದ್ದೆ. ಮುಂದಿನ ವರ್ಷ ಕ್ಲಬ್ಬಿನವರು ಹಗ್ಗ ಬಿಚ್ಚಿ ಕಂಬಗಳ ಮೇಲೆ ಮರದ ಪಟ್ಟಿ ಹೊಡೆಸಿದರು. ಯಾಕೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಗೆಳೆಯ ನನ್ನೊಡನೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಂದು ದಿನ ಮುಗಿಯುತ್ತಿತ್ತು. ಇಂದಿಗೂ ಮಳೆಯ ಬಗ್ಗೆ, ಮಕ್ಕಳ ಮದುವೆಯ ಬಗ್ಗೆ ಮಾತಾಡುತ್ತಾನೆ, ಚಹಾ ಕುಡಿಸುತ್ತಾನೆ. ನಾನು ಎದ್ದು ಹೊರಟರೆ ‘ಕುಂದ್ರಲೇ’ ಎನ್ನುವುದಿಲ್ಲ. ಮೊದಲು ಅನ್ನುತ್ತಿದ್ದ.

ಆ ಬಯಲಿನಲ್ಲಿ ಈಗ ಮನೆಗಳಿವೆ. ಷೀಲ್ಡ್ ಎಲ್ಲಿದೆಯೋ ತಿಳಿಯದು. ಕ್ಯಾಪ್ಟನ್ ಇಲ್ಲ, ರೆಫ್ರಿ ಇಲ್ಲ. ಚೆಂಡು ಹಗ್ಗದ ಮೇಲೆ ಹೋದದ್ದನ್ನು ಕಂಡವರಲ್ಲಿ ಬದುಕಿರುವವರು, ನನಗೆ ತಿಳಿದ ಮಟ್ಟಿಗೆ, ನನ್ನನ್ನು ಬಿಟ್ಟರೆ ಆ ಸಂಡೂರಿನ ಗೋಲ್‌ಕೀಪರ್ ಒಬ್ಬನೇ. ವಡ್ಡು ಎಂಬ ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ, ಕಿವಿ ಕೇಳಿಸುವುದಿಲ್ಲ. ನನ್ನ ಗೆಳೆಯನೂ ಇದ್ದಾನೆ, ಅದೇ ಹಳೆಯ ಓಣಿಯಲ್ಲೇ. ಆದರೆ ಅವನು ನೋಡಿದವನಲ್ಲ. ನನ್ನ ಮಾತನ್ನು ನಂಬಿದವನು.