ಮೀಸಲಿಟ್ಟ ಡಬ್ಬ

ನನ್ನ ಬಲಗೈ ತೋರುಬೆರಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಗಾಯದ ಗುರುತಿದೆ. ಮೊಮ್ಮಕ್ಕಳು ಕೇಳಿದರೆ ಕುಡುಗೋಲು ತಗುಲಿದ್ದು ಎಂದು ಸುಳ್ಳು ಹೇಳುತ್ತೇನೆ. ಮದುವೆಯಾಗಿ, ಕಂಕುಳಲ್ಲಿ ವರ್ಷದ ಕೂಸಿದ್ದ ಹೆಂಗಸು ಡಬ್ಬದ ಮುಚ್ಚಳ ನೆಕ್ಕಲು ಹೋಗಿ ಬೆರಳು ಕುಯ್ದುಕೊಂಡಳು ಎಂದು ಯಾವ ಬಾಯಲ್ಲಿ ಹೇಳಲಿ?

ಅದು ಎಪ್ಪತ್ತರ ದಶಕದ ಕೊನೆ. ನಮ್ಮ ತವರು ಅಜ್ಜಂಪುರದಿಂದ ಬುಕ್ಕಾಂಬುಧಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ. ಅಪ್ಪ ಹೋಗಿ ಆಗಲೇ ಬಹಳ ವರ್ಷವಾಗಿತ್ತು. ಚಿಕ್ಕಪ್ಪನ ಸಂಸಾರ, ದನಕರು, ಆಳುಕಾಳು ಎಲ್ಲ ಒಂದೇ ಸೂರಿನಡಿ. ಯಜಮಾನಿಕೆ ಮಾತ್ರ ಅವ್ವನದು. ನನ್ನನ್ನು ತರೀಕೆರೆಗೆ ಕೊಟ್ಟಿದ್ದರು. ಅಣ್ಣ ಮಿಲಿಟರಿ ಸೇರಿದ್ದ. ಅವನು ರಜಕ್ಕೆ ಬಂದನೆಂದರೆ ನಾನು ಗಂಡನನ್ನು ಕೇಳುವ ಶಾಸ್ತ್ರವೊಂದನ್ನು ಮುಗಿಸಿ ಬಸ್ಸು ಹತ್ತಿಬಿಡುತ್ತಿದ್ದೆ.

ಆ ಸಲ ಅವನು ತನ್ನ ಕಬ್ಬಿಣದ ಟ್ರಂಕಿನಿಂದ ಎರಡು ತಗಡಿನ ಡಬ್ಬ ತೆಗೆದ. ಮೇಲೆ ಕಾಗದದ ಚಿತ್ರ, ಹಳದಿ ಬಣ್ಣದ ಅನಾನಸ್ ಬಿಲ್ಲೆಗಳು. ಮಿಲಿಟರಿ ಕ್ಯಾಂಟೀನಿನದಂತೆ. ಅವ್ವ ಡಬ್ಬವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

"ಅಲ್ಲ ಕಣೋ, ತರೀಕೆರೆ ಸಂತೇಲಿ ರಾಶಿ ಹಾಕ್ಕೊಂಡ್ ಕೂತಿರ್ತಾರೆ ಅನಾನಸ್ಸ. ಅದ್ನ ತಗಡಿನಾಗೆ ತುಂಬಿ, ಅಲ್ಲಿಂದ ಇಲ್ಲಿಗಂಟ ಹೊತ್ಕಂಡ್ ಬಂದಿದೀಯಲ್ಲಪ್ಪಾ!"

"ಮಡಗಿದ್ರೆ ಎರಡು ವರ್ಷ ಕೆಡಲ್ಲ ಕಣವ್ವಾ," ಎಂದ ಅಣ್ಣ.

ಅವ್ವನಿಗೆ ಅದೇ ಹಿಡಿಸಿದ್ದು. ಉಪ್ಪಿನಕಾಯಿ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಸುತ್ತ ನಾಕೂರಲ್ಲಿ ಇರಲಿಲ್ಲ. ಅವಳ ಜಾಡಿಯ ಹತ್ತಿರ ಒದ್ದೆ ಕೈಯಲ್ಲಿ ಸುಳಿದವರಿಗೆ ಸೌಟಿನ ಏಟು ಬಿದ್ದದ್ದುಂಟು. ಉಪ್ಪಿಲ್ಲದೆ, ಎಣ್ಣೆಯಿಲ್ಲದೆ ಹಣ್ಣು ಎರಡು ವರ್ಷ ಇರುತ್ತದೆ ಎಂದರೆ ಹೇಗೆ ನಂಬಿಯಾಳು? ಅಣ್ಣನನ್ನು ಕೂರಿಸಿಕೊಂಡು ಮೇಷ್ಟ್ರಿಗಿಂತ ಹೆಚ್ಚು ಪ್ರಶ್ನೆ ಕೇಳಿದಳು.

ಅಣ್ಣ ಅದನ್ನೆಲ್ಲ ಅವಳಿಗೆ ತಿಳಿಯುವ ಹಾಗೆ ಹೇಳಿದ. ಒಳಗೆ ಗಾಳಿ ಹೋಗದ ಹಾಗೆ ಮುಚ್ಚಿ, ಡಬ್ಬದ ಸಮೇತ ಬೇಯಿಸಿರುತ್ತಾರೆ. ಎಲ್ಲಾದರೂ ತುಕ್ಕು ತಿಂದು ಕೂದಲೆಳೆಯಷ್ಟು ತೂತಾದರೂ ಮುಗಿಯಿತು. ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಗಟ್ಟಿಯಾಗಿ ತಗ್ಗಿನಲ್ಲಿದ್ದರೆ ಸರಿ. ಉಬ್ಬಿದ್ದರೆ, ಒತ್ತಿದಾಗ ಟಕ್ ಎಂದು ಒಳಗೆ ಹೋಗಿ ಮತ್ತೆ ಮೇಲೆ ಬಂದರೆ, ಅದನ್ನು ತೆಗೆಯಲೇಬಾರದು. ತೂತು ಮಾಡಿದರೆ ಮುಖಕ್ಕೆ ಚಿಮ್ಮುತ್ತದೆ.

"ಒಂಚೂರು ನಾಲಿಗೆ ಮ್ಯಾಲೆ ಇಟ್ಟು ನೋಡಿದ್ರೆ ಗೊತ್ತಾಗಲ್ವೇನೋ?" ಎಂದಳು ಅವ್ವ. ಅವಳ ಉಪ್ಪಿನಕಾಯಿಯ ಪರೀಕ್ಷೆ ಅದೇ.

"ಅದೊಂದು ಮಾಡ್ಬೇಡ ಕಣವ್ವಾ. ನಾಲಿಗೆಗೆ ಗೊತ್ತಾಗೋ ವಿಷ ಅಲ್ಲ ಅದು. ವಾಸನೆನೂ ಬರದೆ ಇರಬಹುದು. ಒಂದು ತುತ್ತಿಗೇ ಆಳು ಹೋಗ್ಬಿಡ್ತಾನೆ."

ಅವ್ವ ಎದೆ ಮುಟ್ಟಿಕೊಂಡು "ಶಿವ ಶಿವಾ" ಎಂದಳು.

ಒಂದು ಡಬ್ಬ ತೆಗೆದೆವು. ಅಣ್ಣ ಮುಚ್ಚಳವನ್ನು ತೊಳೆದು ಒರೆಸಿದ. ಯಾವ ಯಾವ ಗೋದಾಮಿನಲ್ಲಿ ಇಲಿ ಓಡಾಡಿತ್ತೋ ಏನೋ, ತೊಳೆಯದೆ ತೂತು ಮಾಡಿದರೆ ಆ ಕೊಳೆಯೆಲ್ಲ ಒಳಗೇ ಹೋಗುತ್ತದೆ ಎಂದ. ಡಬ್ಬವನ್ನು ತೊಡೆಯ ಮೇಲಲ್ಲ, ಜಗಲಿಕಟ್ಟೆಯ ಸಮತಟ್ಟು ಕಲ್ಲಿನ ಮೇಲೆ ಇಟ್ಟ. ಬೆರಳುದ್ದದ ಓಪನರ್ ಚುಚ್ಚಿ ಅಂಚಿನ ಗುಂಟ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಹೋದ. ಮುಚ್ಚಳವನ್ನು ಚಮಚದ ಹಿಡಿಯಿಂದ ಎತ್ತಿ, ಪಕ್ಕಕ್ಕಿಟ್ಟು, "ಯಾರೂ ಬೆರಳು ಹಾಕ್ಬೇಡಿ" ಎಂದ. ಹಣ್ಣನ್ನೆಲ್ಲ ಪಿಂಗಾಣಿ ಬಟ್ಟಲಿಗೆ ಸುರಿದ. ತೆಗೆದ ಮೇಲೆ ಡಬ್ಬದಲ್ಲೇ ಬಿಡಬಾರದು ಎಂದು ಅವನು ಹೇಳುವಷ್ಟರಲ್ಲಿ ಅವ್ವ, "ಅದ್ ನಂಗೊತ್ತಿಲ್ವಾ? ಕಲಾಯಿ ಹೋಗಿರೋ ಹಿತ್ತಾಳೆ ಪಾತ್ರೇಲಿ ಹುಳಿ ಇಟ್ಟಂಗೆ ಆಯ್ತದೆ" ಎಂದಳು.

ಎಲ್ಲರೂ ಬಟ್ಟಲು ನೋಡುತ್ತಿದ್ದರು. ನಾನು ಮುಚ್ಚಳ ನೋಡುತ್ತಿದ್ದೆ. ಅದರ ಮೇಲೆ ಪಾಕ ನಿಂತಿತ್ತು. ಬೇಡ ಎಂದದ್ದನ್ನೇ ಮಾಡುವುದು ನನ್ನ ಹುಟ್ಟುಗುಣ. ರಕ್ತ ಬಳಬಳ ಸುರಿಯಿತು. ಅವ್ವ ಅರಿಸಿನ ಒತ್ತುತ್ತ, "ಮಗಳನ್ನ ಹಡೆದ್ರೂ ಬುದ್ಧಿ ಹಡೀಲಿಲ್ಲವಲ್ಲೇ" ಎಂದಳು. ಅಣ್ಣ ಬಿದ್ದು ಬಿದ್ದು ನಕ್ಕ.

ಅವತ್ತು ಎಲ್ಲರೂ ತಿಂದರು, ಅವ್ವ ತಿನ್ನಲಿಲ್ಲ. ಎರಡನೆಯ ಡಬ್ಬ ಎತ್ತಿಕೊಂಡು, "ಇದು ಮೀಸಲು. ನೀನು ತಿರುಗಾ ಬಂದಾಗ ಇಬ್ರೂ ಕೂತ್ಕಂಡ್ ತಿನ್ನಾಣ. ಅಲ್ಲೀಗಂಟ ನಂಗೂ ಬ್ಯಾಡ" ಎಂದಳು. ನಮ್ಮ ಕಡೆ ಮೀಸಲು ಎಂದರೆ ಹುಡುಗಾಟವಲ್ಲ. ಹೊಸ ಫಲ ಬಂದರೆ ಮೊದಲು ದೇವರಿಗೆಂದು ಎತ್ತಿಡುತ್ತಾರೆ. ಸಲ್ಲುವವರಿಗೆ ಸಲ್ಲುವ ತನಕ ಅದನ್ನು ಬೇರೆಯವರು ಮುಟ್ಟುವಂತಿಲ್ಲ. ಡಬ್ಬ ದೇವರ ಗೂಡು ಸೇರಿತು. ಅಣ್ಣ ರೈಲು ಹಿಡಿಯಲು ಕಡೂರಿಗೆ ಹೊರಟ.

ಮರುವರ್ಷ ಅವನಿಗೆ ರಜ ಸಿಗಲಿಲ್ಲ. ಅದರ ಮರುವರ್ಷವೂ ತಿಂಗಳಿಂದ ತಿಂಗಳಿಗೆ ಮುಂದಕ್ಕೆ ಹೋಯಿತು. ಯಾವುದೋ ಹಿಮದ ಗಡಿಯಲ್ಲಿದ್ದಾನೆ ಎನ್ನುವುದಷ್ಟೇ ಗೊತ್ತು. ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಒಮ್ಮೊಮ್ಮೆ ಎರಡು ತಿಂಗಳು ಬರುತ್ತಿರಲಿಲ್ಲ. ಆಗ ಅವ್ವ ಅಂತರಘಟ್ಟಮ್ಮನಿಗೆ ಹರಕೆ ಹೊರುತ್ತಿದ್ದಳು. ಅವಳು ಬರೆಸುತ್ತಿದ್ದ ಪ್ರತಿ ಪತ್ರದ ಕೊನೆಯಲ್ಲೂ ಒಂದೇ ಮಾತು: ನಿನ್ನ ಮೀಸಲು ಹಾಗೇ ಇದೆ.

ಎರಡನೆಯ ವರ್ಷದ ಯುಗಾದಿಗೆ ಹೋದಾಗ ಮೊದಲು ದೇವರ ಗೂಡು ನೋಡಿದೆ. ಕಾಗದದ ಚಿತ್ರ ಕಿತ್ತುಹೋಗಿತ್ತು. ತಗಡಿನ ಮೇಲೆ ಮೂರು ಪಟ್ಟೆ ವಿಭೂತಿ. ದಿನಾ ಬೆಳಿಗ್ಗೆ ಅವ್ವ ಲಿಂಗಪೂಜೆ ಮುಗಿಸಿ, ನೀರಲ್ಲಿ ಕಲಸಿದ ವಿಭೂತಿಯನ್ನು ಅದೇ ಒದ್ದೆ ಬೆರಳುಗಳಲ್ಲಿ ಡಬ್ಬಕ್ಕೂ ಹಚ್ಚುತ್ತಿದ್ದಳು, ಮಗನ ಹಣೆಗೆ ಹಚ್ಚುವ ಹಾಗೆ. ಉಪ್ಪಿನಕಾಯಿ ಜಾಡಿಗೆ ಒಂದು ಹನಿ ನೀರು ಸೋಕಗೊಡದವಳು! ಅಂಚಿನ ಸುತ್ತ ಕೆಂಪು ತುಕ್ಕು ಹಿಡಿದಿತ್ತು. ಮೂರು ವರ್ಷದ ನನ್ನ ಮಗಳು ಅದರ ಮುಂದೆ ಕೈಮುಗಿದು "ಡಬ್ಬಸ್ವಾಮಿ" ಎನ್ನುತ್ತಿದ್ದಳು. ಒಳಗೆ ಮಾಮಿ, ಅಂದರೆ ತಿಂಡಿ, ಇದೆಯೆಂದು ಅವಳಿಗೆ ಯಾರೋ ಹೇಳಿಬಿಟ್ಟಿದ್ದರು.

ನಾನು ಕೈ ಚಾಚಿದೆ. ಅವ್ವ ಎಲ್ಲಿದ್ದಳೋ, ಹಾರಿ ಬಂದು ಕೈ ಹಿಡಿದಳು.

"ಮೀಸಲು ಕಣೇ ಅದು. ಮುಟ್ಟೀಯ!"

"ತುಕ್ಕು ಹಿಡಿದೈತೆ ಕಣವ್ವಾ. ಅಣ್ಣ ಏನ್ ಹೇಳಿದ್ದ? ಒತ್ತಾದ್ರೂ ನೋಡ್ತೀನಿ ಬಿಡು."

"ಒತ್ತೋದೂ ಬ್ಯಾಡ, ನೋಡೋದೂ ಬ್ಯಾಡ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಾವಿಬ್ಬರೂ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾನು, "ನಿನ್ನ ಮಗನ ಹುಚ್ಚಿಗೆ ನನ್ನ ಕೂಸು ಬಲಿಯಾಗ್ಬೇಕಾ?" ಎಂದುಬಿಟ್ಟೆ.

ಅವ್ವ ಡಬ್ಬವನ್ನು ಸೆರಗಿನಲ್ಲಿ ಸುತ್ತಿಕೊಂಡು ಅಟ್ಟ ಹತ್ತಿ, ಯಾರ ಕೈಗೂ ಸಿಗದ ಮೂಲೆಯಲ್ಲಿ ಇಟ್ಟು ಬಂದಳು. ನಾನು ಹಬ್ಬದ ಹೋಳಿಗೆಯನ್ನೂ ತಿನ್ನದೆ ಸಂಜೆ ಬಸ್ಸಿಗೆ ತರೀಕೆರೆಗೆ ಹೊರಟೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಏಳು ತಿಂಗಳು ತವರಿನ ಕಡೆ ತಲೆ ಹಾಕಲಿಲ್ಲ. ಒಳಗೊಳಗೇ ಬೆಂದೆ, ಆದರೂ ಹೋಗಲಿಲ್ಲ.

ದೀಪಾವಳಿ ಕಳೆದ ಮೇಲೆ ಚಿಕ್ಕಪ್ಪ ಹೇಳಿ ಕಳಿಸಿದರು, ಅಣ್ಣ ಬಂದಿದ್ದಾನೆ. ಮಗಳನ್ನು ಎತ್ತಿಕೊಂಡು ಓಡಿದೆ. ಬಸ್ಸಿನಲ್ಲಿ ಖುಷಿಗಿಂತ ಹೆದರಿಕೆಯೇ ಹೆಚ್ಚು. ಅಣ್ಣನ ಸ್ವಭಾವ ನನಗೆ ಗೊತ್ತಿಲ್ಲವೇ? ಅವ್ವ ಬೇವಿನಸೊಪ್ಪು ಅರೆದು ಕೊಟ್ಟರೂ ಹೋಳಿಗೆ ಎಂದು ತಿನ್ನುವವನು. ಅವ್ವ ಆ ಡಬ್ಬ ಮುಂದಿಟ್ಟರೆ ಇವನು ಬೇಡ ಎನ್ನುತ್ತಾನೆಯೇ? ಒಂದು ತುತ್ತಿಗೇ ಆಳು ಹೋಗ್ಬಿಡ್ತಾನೆ ಎಂದ ಅವನ ಮಾತೇ ದಾರಿಯುದ್ದಕ್ಕೂ ಕಿವಿಯಲ್ಲಿ ಮೊರೆಯಿತು. ಊರ ಬಾಗಿಲಿಂದ ಮನೆಯವರೆಗೆ ನಾನು ನಡೆಯಲಿಲ್ಲ, ಓಡಿದೆ.

ಅಣ್ಣ ಜಗಲಿಕಟ್ಟೆಯ ಮೇಲೆ ಕೂತಿದ್ದ. ಕಪ್ಪಾಗಿ, ಇಳಿದುಹೋಗಿದ್ದ. ಎದುರಿಗೆ ಅದೇ ಡಬ್ಬ, ವಿಭೂತಿಯ ಸಮೇತ. ಅವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು, ಸದ್ದು ಕೇಳುತ್ತಿತ್ತು. ಅವಳನ್ನು ಕೇಳದೆ ಇವನೇ ಅಟ್ಟದಿಂದ ಇಳಿಸಿಕೊಂಡಿದ್ದನಂತೆ. ನನ್ನನ್ನು ನೋಡಿ ನಕ್ಕು, ಹೆಬ್ಬೆರಳಿನಿಂದ ಮುಚ್ಚಳ ಒತ್ತಿದ. ಟಕ್. ಬೆರಳು ತೆಗೆದ. ಟಕ್.

"ಉಬ್ಬೈತಲ್ಲೋ ಅಣ್ಣಾ!" ಎಂದೆ.

"ಶ್! ಮೆತ್ತಗೆ. ಎಲ್ಡೂವರೆ ವರ್ಷ ಕಾದಿದಾಳೆ ಕಣೇ ಅವ್ವ. ಕೆಟ್ಟೈತೆ ಅಂತ ಹೆಂಗೆ ಹೇಳ್ಲಿ?" ಎಂದು ಜೇಬಿನಿಂದ ಓಪನರ್ ತೆಗೆದ.

ನಾನು ಕಿರುಚಬೇಕೆಂದು ಬಾಯಿ ತೆರೆದೆ. ನನಗಿಂತ ಮೊದಲು ಒಳಗಿನಿಂದ ಕೂಗು ಬಂತು. "ಬ್ಯಾಡ ಕಣಪ್ಪಾ!" ಹಿಟ್ಟಿನ ಕೈಯಲ್ಲೇ ಅವ್ವ ಓಡಿ ಬಂದು ಡಬ್ಬ ಕಸಿದುಕೊಂಡಳು. ಅವಳು ಹಾಗೆ ಓಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

"ಕೆಟ್ಟೈತೆ ಕಣೋ ಇದು. ತೆಗೀಬ್ಯಾಡ."

"ನಿಂಗೆ ಯಾರು ಹೇಳಿದ್ರವ್ವಾ?" ಎಂದ ಅಣ್ಣ.

"ಯಾರ್ ಹೇಳ್ಬೇಕು? ನೀನೇ ಹೇಳ್ಕೊಟ್ಟಿದ್ದಲ್ಲಪ್ಪಾ. ವಿಭೂತಿ ಹಚ್ಚಿ ದಿನಾ ಹೆಬ್ಬೆಟ್ಟಲ್ಲಿ ಒತ್ತಿ ನೋಡ್ತಿದ್ದೆ. ಗಟ್ಟಿ ಇದ್ದ ದಿನ ನೀನೂ ಗಟ್ಟಿಯಾಗಿದೀಯ ಅಂತ ಸಮಾಧಾನ. ಶಿವರಾತ್ರಿ ಆದ ಮಾರನೇ ದಿನ ಟಕ್ ಅಂತು. ನನ್ ಜೀವ ಬಾಯಿಗೆ ಬಂದ್ಬಿಡ್ತು. ನಿನ್ ಕಾಗ್ದನೂ ಬಂದಿರ್ಲಿಲ್ಲ ಆವಾಗ. ಬಿಸಾಕ್ಬೇಕು ಅಂತ ಹಿತ್ಲಿಗೆ ಎಷ್ಟ್ ಸಲ ತಗಂಡ್ ಹೋಗಿದೀನೋ. ನಿನ್ ಹೆಸ್ರಲ್ಲಿ ಇಟ್ಟಿದ್ದಲ್ವಾ, ಕೈ ಬರ್ಲಿಲ್ಲ ಕಣೋ. ಕೈ ಬರ್ಲಿಲ್ಲ."

ಶಿವರಾತ್ರಿ ಯುಗಾದಿಗಿಂತ ಮೊದಲು. ಅಂದರೆ ನಾನು ಜಗಳವಾಡಿದ ದಿನ ಅವ್ವನಿಗೆ ಎಲ್ಲ ಗೊತ್ತಿತ್ತು. ಒತ್ತಿ ನೋಡುತ್ತೇನೆ ಎಂದ ನನ್ನ ಕೈಯನ್ನು ಅವಳು ಅದಕ್ಕೇ ಹಿಡಿದದ್ದು. ಆ ಟಕ್ ಸದ್ದು ಮನೆಯಲ್ಲಿ ಇನ್ನೊಬ್ಬರ ಕಿವಿಗೆ ಬೀಳುವುದೇ ಅವಳಿಗೆ ಬೇಡವಾಗಿತ್ತು. ಅಂಥವಳಿಗೆ ನಾನು ಆಡಿದ ಮಾತು! ನಾನು ಗೋಡೆಯ ಕಡೆ ತಿರುಗಿ ನಿಂತು ಅತ್ತೆ.

ಅಣ್ಣ ಹಿತ್ತಿಲ ಮೂಲೆಯಲ್ಲಿ, ನಾಯಿ ಕೆರೆಯದ ಹಾಗೆ, ಮೊಣಕಾಲುದ್ದ ಗುಂಡಿ ತೋಡಿದ. ತಿಪ್ಪೆಗೆ ಹಾಕಿದರೆ ದನ ಬಾಯಿ ಹಾಕೀತು ಎಂದ. ಡಬ್ಬ ಇಳಿಸುವ ಮೊದಲು ಅವ್ವ ಅದರ ವಿಭೂತಿಯನ್ನು ಸೆರಗಿನ ತುದಿಯಿಂದ ಒರೆಸಿ ತೆಗೆದಳು. ಒಣ ಸೆರಗು ಎಂಬುದನ್ನು ನಾನು ಗಮನಿಸಿದೆ. ಮಣ್ಣು ಮುಚ್ಚಿದ ಮೇಲೆ ಮೂವರೂ ಕೈ ತೊಳೆದೆವು.

ಅವ್ವ ಒಳಗೆ ಹೋದಾಗ ಅಣ್ಣನನ್ನು ಕೇಳಿದೆ, "ನಿಜ ಹೇಳು, ತಿಂತಿದ್ಯಾ?"

"ಅವ್ವ ಎದುರಿಗೆ ಕೂತು ತಿನ್ನಪ್ಪಾ ಅಂದಿದ್ರೆ ಏನ್ಮಾಡ್ತಿದ್ನೋ ನಂಗೇ ಗೊತ್ತಿಲ್ಲ ಕಣೇ. ಅವಳು ಬರೋದ್ರೊಳಗೆ ಮರೇಲಿ ಹೋಗಿ ತೂತು ಮಾಡಿ ಚೆಲ್ಬಿಟ್ಟು, ತಿಂದೆ ಅನ್ನಾಣ ಅಂತಿದ್ದೆ. ನೀನು ಬಂದ್ಬಿಟ್ಟೆ," ಎಂದ.

ಆಮೇಲೆ ಅವನು ಟ್ರಂಕಿನಿಂದ ಹೊಸದೊಂದು ಡಬ್ಬ ತೆಗೆದ. ಅದೇ ಹಳದಿ ಬಿಲ್ಲೆಗಳ ಚಿತ್ರ. "ಊಟ ಆಗ್ಲಿ, ನಾಳೆ ತೆಗೆಯಾಣ" ಎಂದ.

"ನಾಳೆ ಗೀಳೆ ಅನ್ಬ್ಯಾಡ. ಇವತ್ತೇ, ಈಗ್ಲೇ," ಎಂದಳು ಅವ್ವ. ಡಬ್ಬ ಇಸಿದುಕೊಂಡು ತಾನೇ ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ತಾನೇ ತೊಳೆದಳು, ಒರೆಸಿದಳು, ಕಲ್ಲಿನ ಮೇಲೆ ಇಟ್ಟಳು. ಅಣ್ಣ ಕತ್ತರಿಸಿದ. ಅವ್ವ ಮುಚ್ಚಳವನ್ನು ಚಮಚದಿಂದ ಎತ್ತಿ ನನ್ನ ಕಡೆ ನೋಡಿ, "ಲೇ, ಇದ್ನ ನೆಕ್ಕೋಕೆ ಬಂದೀಯ" ಎಂದಳು. ಏಳು ತಿಂಗಳ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಅಷ್ಟರಲ್ಲಿ ನನ್ನನ್ನು ಕ್ಷಮಿಸಿಯೂ ಬಿಟ್ಟಿದ್ದಳು.

ಯಾವತ್ತೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಅವತ್ತು ಮೊದಲ ಬಿಲ್ಲೆ ತಾನೇ ಬಾಯಿಗಿಟ್ಟುಕೊಂಡಳು. ಹೇಗಿದೆ ಎಂದು ಅಣ್ಣ ಕೇಳಿದ.

"ಬರೀ ಸಕ್ಕರೆ. ನಮ್ ಸಂತೆ ಹಣ್ಣೇ ವಾಸಿ ಕಣೋ," ಎಂದಳು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ.

ಎಲ್ಲರೂ ತಿಂದು ಬಟ್ಟಲಲ್ಲಿ ಎರಡು ಬಿಲ್ಲೆ ಉಳಿದವು. ಅಭ್ಯಾಸದ ಬಲ, ಅವ್ವ ಮೇಲೆ ತಟ್ಟೆ ಮುಚ್ಚಿ ಎತ್ತಿಡಲು ಹೊರಟಳು. ಎರಡು ಹೆಜ್ಜೆ ಇಟ್ಟವಳು ನಿಂತಳು. ತಿರುಗಿ ಬಂದು ತಟ್ಟೆ ತೆಗೆದು ಬಟ್ಟಲನ್ನು ಅಣ್ಣನ ಮುಂದಿಟ್ಟಳು.

"ಇವನ್ನೂ ನೀನೇ ತಿನ್ನಪ್ಪಾ," ಎಂದಳು. "ಈಗ. ನಾನು ನೋಡ್ತೀನಿ."